ನೂರು ದಿರ್ಹಮ್ ವ್ಯಾಪಾರಕ್ಕೆ ಎರಡೂವರೆ ದಿರ್ಹಮ್ ಲಾಭ: ಲುಲು ಬೆಳೆದ ಲೆಕ್ಕ

ವಾರಾಂತ್ಯ ಹತ್ತಿರ ಬಂತು ಅಂದರೆ ನಮ್ಮ ರೂಮುಗಳ ವಾಟ್ಸಾಪ್ ಗುಂಪುಗಳಲ್ಲಿ ಊರಿನ ಸುದ್ದಿಗಿಂತ ಮೊದಲು ಬರುವುದು ಲುಲುವಿನ ಆಫರ್ ಪೇಪರ್. ಈರುಳ್ಳಿ ಕಿಲೋಗೆ ಎಷ್ಟು, ಕುಚ್ಚಲಕ್ಕಿ ಚೀಲ ಎಷ್ಟಕ್ಕೆ ಇಳಿದಿದೆ, ಎರಡು ಬಾಟಲಿ ಎಣ್ಣೆ ಒಟ್ಟಿಗೆ ತಗೊಂಡರೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕಿ, ಆರು ಜನ ಸೇರಿ ಒಂದು ಟ್ರಾಲಿ ತುಂಬಿಸಿ, ಟ್ಯಾಕ್ಸಿ ಬಾಡಿಗೆ ಹಂಚಿಕೊಂಡು ವಾಪಸ್ ಬರುವುದು ನಮ್ಮಲ್ಲಿ ಅನೇಕರ ತಿಂಗಳ ಪದ್ಧತಿ. ನಮ್ಮವರೇ ಕೆಲವರು ಅಲ್ಲಿ ಶೆಲ್ಫ್ ತುಂಬಿಸುತ್ತಾರೆ, ಕ್ಯಾಶ್ ಕೌಂಟರಿನಲ್ಲಿ ಕೂರುತ್ತಾರೆ. ಇನ್ನು ಕೆಲವರು ಅಲ್ಲಿಗೆ ಮಾಲು ಹಾಕುವ ಕಂಪನಿಗಳಲ್ಲಿ ವ್ಯಾನ್ ಓಡಿಸುತ್ತಾರೆ, ಬಿಲ್ಲು ಬರೆಯುತ್ತಾರೆ.

ಆದರೂ ಈ ಕಂಪನಿ ಬೆಳೆದದ್ದು ಹೇಗೆ ಅಂತ ಕೇಳಿದರೆ ಎರಡೇ ಉತ್ತರ. ಒಂದು, 'ಎಲ್ಲ ಅದೃಷ್ಟ'. ಇನ್ನೊಂದು, 'ದೊಡ್ಡವರ ಕೃಪೆ'. ಅದೃಷ್ಟವೂ ಇತ್ತು, ಆಳುವವರ ವಿಶ್ವಾಸವೂ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಅವೆರಡೂ ಸಿಕ್ಕ ಎಷ್ಟೋ ಜನ ಈ ಮರಳಿನಲ್ಲಿ ಗುರುತಿಲ್ಲದೆ ಹೋಗಿದ್ದಾರೆ. ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಮಗೆ ಅದಕ್ಕಿಂತ ಬೇರೆ ಪ್ರಶ್ನೆ ಮುಖ್ಯ ಅನ್ನಿಸುತ್ತದೆ. ಸರ್ವೀಸ್ ಮುಗಿಸಿ ಊರಿಗೆ ಹೋದ ಮೇಲೆ 'ಒಂದು ಅಂಗಡಿ ಹಾಕೋಣ' ಅಂತ ಮನಸ್ಸಿನಲ್ಲಿ ಇಟ್ಟುಕೊಂಡವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಅವರಿಗಾಗಿಯೇ ಈ ತಿಂಗಳು ಈ ಲೇಖನ.

ಶುರುವಾದದ್ದು ಲುಲು ಅನ್ನುವ ಹೆಸರಿನಿಂದಲ್ಲ. ತ್ರಿಶೂರ್ ಜಿಲ್ಲೆಯ ನಾಟ್ಟಿಕ ಅನ್ನುವ ಕಡಲತೀರದ ಊರಿನ ಕುಟುಂಬ ಅದು. ಕುಟುಂಬದವರಿಗೆ ಅಹಮದಾಬಾದಿನಲ್ಲಿ ಅಂಗಡಿ ವ್ಯಾಪಾರ ಇತ್ತು. ಚಿಕ್ಕಪ್ಪ ಎಂ.ಕೆ. ಅಬ್ದುಲ್ಲ ಅಬುಧಾಬಿಗೆ ಮೊದಲೇ ಬಂದು ಸಣ್ಣ ವ್ಯಾಪಾರ ಹಿಡಿದಿದ್ದರು. ಅವರ ಹೆಸರಿನ ಎಂ.ಕೆ. ಅನ್ನುವ ಎರಡು ಅಕ್ಷರಗಳನ್ನೇ ಉಚ್ಚಾರದಂತೆ ಬರೆದದ್ದು 'ಎಂಕೆ' ಗ್ರೂಪ್. ಹಳಬರಿಗೆ ಎಂಕೆ ಸ್ಟೋರ್ಸ್ ಅಂದರೆ ನೆನಪಿರುತ್ತದೆ. ಅಬ್ದುಲ್ಲ ಅವರ ಅಣ್ಣನ ಮಗ ಎಂ.ಎ. ಯೂಸುಫ್ ಅಲಿ ಬಂದದ್ದು ಆಮೇಲೆ. 'ಡುಮ್ರಾ' ಅನ್ನುವ ಹಡಗು ಹತ್ತಿ ಮುಂಬಯಿಯಿಂದ ಹೊರಟು 1973ರ ಡಿಸೆಂಬರ್ 31ರಂದು ದುಬೈಯ ರಾಶಿದ್ ಬಂದರಿನಲ್ಲಿ ಇಳಿದಾಗ ಅವರಿಗೆ 18 ವರ್ಷ. ಆಗ ಮುಂಬಯಿಯಿಂದ ಕೊಲ್ಲಿಗೆ ಓಡುತ್ತಿದ್ದ ಅಂಥ ಹಡಗುಗಳ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ನಮ್ಮ ಕರಾವಳಿಯ ಹಿರಿಯರೂ ಬಂದಿದ್ದಾರೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಹಳೆ ತಲೆಗಳ ಹತ್ತಿರ ಕೂತರೆ ಈಗಲೂ ಆ ಕಥೆ ಸಿಗುತ್ತದೆ.

ಬಂದ ಸಮಯ ಎಂಥದ್ದು ನೋಡಿ. ಯುಎಇ ಅನ್ನುವ ದೇಶ ಹುಟ್ಟಿ ಎರಡೇ ವರ್ಷ. 1973ರ ಅಕ್ಟೋಬರಿನ ಯುದ್ಧದ ನಂತರ ಕಚ್ಚಾ ತೈಲದ ಬೆಲೆ ಬ್ಯಾರೆಲಿಗೆ ಸುಮಾರು 3 ಡಾಲರಿನಿಂದ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಹೋಯಿತು. ರಸ್ತೆ, ಬಂದರು, ಮನೆ, ಆಸ್ಪತ್ರೆ ಎಲ್ಲ ಒಂದೇ ಸಲ ಕಟ್ಟಬೇಕು. ಕಟ್ಟುವವರು ಹೊರಗಿನಿಂದ ಬರಬೇಕು. ಬಂದವರು ಊಟ ಮಾಡಬೇಕು. ಮರುಭೂಮಿಯಲ್ಲಿ ಬೆಳೆಯುವುದು ಖರ್ಜೂರ, ಸಿಗುವುದು ಮೀನು. ಉಳಿದದ್ದೆಲ್ಲ ಹಡಗಿನಲ್ಲೇ ಬರಬೇಕು. ಅಂದರೆ ಇಲ್ಲಿ ದಿನಸಿ ವ್ಯಾಪಾರ ಅಂದರೆ ಅಂಗಡಿ ನಡೆಸುವುದಕ್ಕಿಂತ ಮೊದಲು ಮಾಲು ತರಿಸುವ ವ್ಯಾಪಾರ.

ಇದನ್ನು ಈ ಕುಟುಂಬ ಬೇಗ ಅರ್ಥ ಮಾಡಿಕೊಂಡಿತು. ಅವರು ಮೊದಲು ಗಟ್ಟಿ ಮಾಡಿಕೊಂಡದ್ದು ಕೌಂಟರ್ ಅಲ್ಲ, ಸಗಟು. ಹೊರದೇಶಗಳಿಂದ ಶೀತಲೀಕರಿಸಿದ ಮಾಂಸ, ಕೋಳಿ ಮೊದಲಾದ ಆಹಾರ ತರಿಸಿ, ವ್ಯಾನಿನಲ್ಲಿ ಹಾಕಿಕೊಂಡು ಬೇರೆ ಬೇರೆ ಎಮಿರೇಟುಗಳ ಅಂಗಡಿ, ಹೋಟೆಲುಗಳಿಗೆ ಹಂಚುವ ಕೆಲಸ. ಈ ಕೆಲಸದಲ್ಲಿ ಒಂದು ದೊಡ್ಡ ಅನುಕೂಲ ಇದೆ, ನಮ್ಮ ವ್ಯಾನ್ ಸೇಲ್ಸ್‌ಮನ್ ಹುಡುಗರಿಗೆ ಚೆನ್ನಾಗಿ ಗೊತ್ತು. ದಿನಕ್ಕೆ ಮೂವತ್ತು ಬಕಾಲಾ ಸುತ್ತುವವನಿಗೆ ಯಾವ ಬೀದಿಯಲ್ಲಿ ಯಾವ ದೇಶದವರು ಇದ್ದಾರೆ, ಯಾವ ಮಾಲು ಎರಡು ದಿನಕ್ಕೆ ಖಾಲಿ ಆಗುತ್ತೆ, ಯಾವುದು ಧೂಳು ಹಿಡಿದು ಕೂತಿರುತ್ತೆ, ಯಾವ ಅಂಗಡಿಯವರು ಹೇಳಿದ ದಿನ ದುಡ್ಡು ಕೊಡುತ್ತಾರೆ ಅನ್ನುವುದೆಲ್ಲ ಬಾಯಿಪಾಠ. ಮುಂದೆ ಸ್ವಂತ ಸೂಪರ್ ಮಾರ್ಕೆಟ್ ಹಾಕುವಾಗ ಆ ತಿಳಿವಳಿಕೆಗೆ ಯಾವ ಕನ್ಸಲ್ಟೆಂಟಿಗೂ ಫೀಸು ಕೊಡಬೇಕಾಗಿಲ್ಲ.

1990ರ ಆಗಸ್ಟ್ 2ಕ್ಕೆ ಇರಾಕ್ ಕುವೈತಿನ ಒಳಗೆ ನುಗ್ಗಿತು. ಕುವೈತಿನಲ್ಲಿದ್ದ ನಮ್ಮವರು ಒಂದೂ ಮುಕ್ಕಾಲು ಲಕ್ಷದ ಹತ್ತಿರ ಜನ ಬಸ್ಸು ಹಿಡಿದು ಅಮ್ಮಾನಿಗೆ ಹೋಗಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಉಟ್ಟ ಬಟ್ಟೆಯಲ್ಲಿ ಮುಂಬಯಿಗೆ ಇಳಿದರು. ಬ್ಯಾಂಕಿನಲ್ಲಿದ್ದ ದುಡ್ಡು, ಅಂಗಡಿಯ ಮಾಲು ಎಲ್ಲ ಅಲ್ಲೇ. ಯುಎಇಯಲ್ಲಿ ಯುದ್ಧ ಇರಲಿಲ್ಲ, ಆದರೆ ಹೆದರಿಕೆ ಇತ್ತು. ಎಷ್ಟೋ ವ್ಯಾಪಾರಸ್ಥರು ಮಾಲು ಮಾರಿ ಮುಗಿಸಿ, ಹೊಸದು ತರಿಸದೆ, ಕೈಗೆ ಸಿಕ್ಕಿದ್ದನ್ನು ಊರಿಗೆ ಕಳಿಸಿದ ಕಾಲ ಅದು. ಲುಲು ಅನ್ನುವ ಹೆಸರಿನ ಸೂಪರ್ ಮಾರ್ಕೆಟ್ ಎದ್ದದ್ದು ಆ ಹೊತ್ತಿನ ಆಸುಪಾಸಿನಲ್ಲೇ, 1990ರ ದಶಕದ ಆರಂಭದಲ್ಲಿ. ಎಲ್ಲರೂ ಹೊರಡುವಾಗ ಇವರು ಬಂಡವಾಳ ಹಾಕಿದರು. ಇದನ್ನು ಧೈರ್ಯ ಅಂತ ಎಲ್ಲರೂ ಹೊಗಳುತ್ತಾರೆ. ನಮಗೆ ಇದರಲ್ಲಿ ಧೈರ್ಯದಷ್ಟೇ ಲೆಕ್ಕವೂ ಕಾಣುತ್ತದೆ. ಜನ ಹೆದರಿದಾಗ ಕಾರು ಕೊಳ್ಳುವುದಿಲ್ಲ, ಚಿನ್ನ ಕೊಳ್ಳುವುದಿಲ್ಲ. ಅಕ್ಕಿ, ಬೇಳೆ ಎರಡು ಚೀಲ ಜಾಸ್ತಿಯೇ ಕೊಳ್ಳುತ್ತಾರೆ. 2020ರ ಕೊರೊನಾ ತಿಂಗಳುಗಳಲ್ಲಿ ನಾವೇ ಕಣ್ಣಾರೆ ಕಂಡೆವಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಅರಬ್ಬಿಯಲ್ಲಿ ಲುಲು ಅಂದರೆ ಮುತ್ತು. ಎಣ್ಣೆ ಸಿಗುವ ಮೊದಲು ಈ ಕರಾವಳಿಯ ಜನ ಬದುಕಿದ್ದೇ ಸಮುದ್ರದ ಮುತ್ತಿನಿಂದ. ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂದ ಮೇಲೆ ಆ ಕಸುಬು ಬಿತ್ತು. ಮಲಯಾಳಿ ಕುಟುಂಬದ ಅಂಗಡಿಗೆ ಊರ ದೇವರ ಹೆಸರೋ ಮನೆತನದ ಹೆಸರೋ ಇಡದೆ ಇಲ್ಲಿನವರ ನಾಲಗೆಗೆ ಹತ್ತಿರವಾದ ಹೆಸರು ಇಟ್ಟರು. ಗಿರಾಕಿ ಯಾರು ಅನ್ನುವುದು ಅವರ ತಲೆಯಲ್ಲಿ ಸ್ಪಷ್ಟ ಇತ್ತು.

1995ರಲ್ಲಿ ಮಾಜಿದ್ ಅಲ್ ಫುತ್ತೈಮ್ ಕಂಪನಿ ಫ್ರಾನ್ಸಿನವರ ಜೊತೆ ಸೇರಿ ದುಬೈಯಲ್ಲಿ ಹೈಪರ್ ಮಾರ್ಕೆಟ್ ತೆರೆಯಿತು; ನಾವು ಕ್ಯಾರಿಫೋರ್ ಅಂತ ಕರೆಯುವುದು ಅದನ್ನೇ. ದೊಡ್ಡ ಬಂಡವಾಳ, ದೊಡ್ಡ ಮಾಲ್, ಯುರೋಪಿನ ಅನುಭವ. ಸಣ್ಣ ಸೂಪರ್ ಮಾರ್ಕೆಟುಗಳಿಗೆ ಇನ್ನು ಉಳಿಗಾಲ ಇಲ್ಲ ಅಂತ ಹೇಳಿದವರು ಬಹಳ. ಲುಲು ತನ್ನ ಮೊದಲ ಹೈಪರ್ ಮಾರ್ಕೆಟ್ ತೆರೆದದ್ದು 2000ದಲ್ಲಿ, ದುಬೈಯಲ್ಲಿ. ಅಷ್ಟು ಹೊತ್ತಿಗೆ ಫ್ರಾನ್ಸಿನವರು ತೋರಿಸಿಕೊಟ್ಟದ್ದನ್ನು ನೋಡಿಕೊಂಡಿದ್ದರು. ಅವರಲ್ಲಿ ಇಲ್ಲದ್ದನ್ನು ಸೇರಿಸಿದರು. ಈ ದೇಶದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಹೊರಗಿನವರು. ಒಬ್ಬನಿಗೆ ಕೆಂಪಕ್ಕಿ ಬೇಕು, ಒಬ್ಬಳಿಗೆ ಫಿಲಿಪೈನ್ಸಿನ ಒಣಮೀನು, ಈಜಿಪ್ಟಿನವನಿಗೆ ಅವನ ಸೊಪ್ಪು, ಇಲ್ಲಿನವರಿಗೆ ಖರ್ಜೂರ, ಹಸಿ ಕುರಿಮಾಂಸ. ಎಲ್ಲವೂ ಒಂದೇ ಸೂರಿನ ಕೆಳಗೆ, ಮಾಲ್‌ನಲ್ಲೂ ಇದೆ, ಲೇಬರ್ ಕ್ಯಾಂಪಿಗೆ ಹತ್ತಿರವೂ ಇದೆ. ನುಗ್ಗೆಕಾಯಿ, ಬಸಳೆ, ಮಂಗಳೂರು ಸೌತೆ ತರಕಾರಿ ಸಾಲಿನಲ್ಲಿ ಕಂಡಾಗ ನಮ್ಮ ಮುಖ ಅರಳುತ್ತಲ್ಲ, ಅದು ಸುಮ್ಮನೆ ಬಂದು ಕೂತದ್ದಲ್ಲ.

ಈಗ ಅಂಕಿಗೆ ಬರೋಣ. ಕುಟುಂಬದ ಕಂಪನಿ ಆದದ್ದರಿಂದ ಇದರ ಲೆಕ್ಕ ಬಹಳ ವರ್ಷ ಹೊರಗೆ ಬರಲೇ ಇಲ್ಲ. 2024ರಲ್ಲಿ ಷೇರು ಮಾರಾಟಕ್ಕೆ ಹೊರಟಾಗ ಮೊದಲ ಬಾರಿಗೆ ಪುಸ್ತಕ ಬಿಚ್ಚಬೇಕಾಯಿತು. ಆರು ಕೊಲ್ಲಿ ದೇಶಗಳಲ್ಲಿ 240ಕ್ಕೂ ಹೆಚ್ಚು ಅಂಗಡಿ, 50 ಸಾವಿರಕ್ಕೂ ಹೆಚ್ಚು ಕೆಲಸಗಾರರು. 2023ರ ವ್ಯಾಪಾರ 7.3 ಬಿಲಿಯನ್ ಡಾಲರ್, ಅಂದರೆ 730 ಕೋಟಿ ಡಾಲರ್. ನಿವ್ವಳ ಲಾಭ 19.2 ಕೋಟಿ ಡಾಲರ್. ಕೇಳಿದವರು 'ಅಬ್ಬಾ' ಅಂದರು. ಆದರೆ ಭಾಗಿಸಿ ನೋಡಿ. ನಾವು ಟ್ರಾಲಿಯಲ್ಲಿ 100 ದಿರ್ಹಮಿನ ಸಾಮಾನು ತುಂಬಿಸಿ ಕೌಂಟರಿಗೆ ತಂದರೆ, ಎಲ್ಲ ಖರ್ಚು ಕಳೆದು ಕಂಪನಿಗೆ ಉಳಿಯುವುದು 2 ದಿರ್ಹಮ್ 60 ಫಿಲ್ಸಿನಷ್ಟು. ಕೆಫೆಟೇರಿಯಾದವನು ಒಂದು ಚಹಾದ ಮೇಲೆ ಇದಕ್ಕಿಂತ ಹೆಚ್ಚಿನ ಪಾಲು ಇಟ್ಟುಕೊಳ್ಳುತ್ತಾನೆ!

ಹಾಗಾದರೆ ಎರಡೂವರೆ ದಿರ್ಹಮಿನಲ್ಲಿ ಇಷ್ಟು ದೊಡ್ಡ ಕಟ್ಟಡ ಎದ್ದದ್ದು ಹೇಗೆ? ಇದು ಈ ಲೇಖನದ ತಿರುಳು, ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಒಂದು ಅಕ್ಕಿ ಚೀಲವನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ಸರಬರಾಜುದಾರ ಅದನ್ನು ಇವತ್ತು ಗೋಡೌನಿಗೆ ಇಳಿಸಿದ. ಅದು ಶೆಲ್ಫಿಗೆ ಬಂದು ಹದಿನೈದು ದಿನದಲ್ಲಿ ಮಾರಿ ಹೋಯಿತು ಅನ್ನಿ. ನಾವು ಕೌಂಟರಿನಲ್ಲಿ ಕೊಟ್ಟದ್ದು ರೊಕ್ಕ, ಅವತ್ತೇ. ಆದರೆ ಸರಬರಾಜುದಾರನಿಗೆ ದುಡ್ಡು ಕೊಡುವುದು 60 ದಿನಕ್ಕೋ 90 ದಿನಕ್ಕೋ. 60 ಅಂತಲೇ ಇಟ್ಟುಕೊಂಡರೂ 45 ದಿನ ಆ ದುಡ್ಡು ಅಂಗಡಿಯವನ ಕೈಯಲ್ಲಿ ಬಡ್ಡಿ ಇಲ್ಲದೆ ಇರುತ್ತದೆ. ಒಂದು ಚೀಲದ್ದು ಏನೂ ಅಲ್ಲ. ದಿನಕ್ಕೆ ಒಂದು ಲಕ್ಷ ದಿರ್ಹಮಿನ ಮಾಲು ಹೀಗೆ ತಿರುಗಿದರೆ ಯಾವಾಗ ನೋಡಿದರೂ 45 ಲಕ್ಷ ದಿರ್ಹಮ್ ಕೈಯಲ್ಲಿ ಇರುತ್ತದೆ. ಅದರಿಂದಲೇ ಮುಂದಿನ ಅಂಗಡಿಯ ಫ್ರೀಜರು, ರ್‍ಯಾಕು. ಆ ಅಂಗಡಿ ತೆರೆದರೆ ಮಾಲು ಇನ್ನೂ ಜಾಸ್ತಿ, ಕೈಯಲ್ಲಿ ಇರುವುದೂ ಇನ್ನೂ ಜಾಸ್ತಿ. ಸೂಪರ್ ಮಾರ್ಕೆಟ್ ಚೈನ್ ಅನ್ನುವುದು ಜಗತ್ತಿನ ಎಲ್ಲ ಕಡೆ ಬೆಳೆಯುವುದು ಹೀಗೆಯೇ. ಲಾಭದ ಪಾಲು ತೆಳ್ಳಗೆ, ತಿರುಗುವ ವೇಗ ಜೋರು. ತಿರುಗುವುದು ನಿಂತ ದಿನ ಇದೇ ಗಾಡಿ ಉಲ್ಟಾ ಓಡುತ್ತದೆ ಅನ್ನುವುದನ್ನೂ ಸೇರಿಸಿ ಹೇಳಬೇಕು. ಮಾಲು ಶೆಲ್ಫಿನಲ್ಲೇ ಕೂತು, ಚೆಕ್ಕಿನ ತಾರೀಕು ಬಂದುಬಿಟ್ಟರೆ ಎರಡು ತಿಂಗಳು ಸಾಕು.

ಇದರ ಇನ್ನೊಂದು ಮಗ್ಗುಲು ಸರಬರಾಜು ಕಂಪನಿಗಳಲ್ಲಿ ಲೆಕ್ಕ ಬರೆಯುವ ನಮಗೆ ಗೊತ್ತು. ಯಾವ ಚೈನ್ ಅಂತ ಹೆಸರು ಬೇಡ, ಇದು ಎಲ್ಲ ದೊಡ್ಡವರ ಪದ್ಧತಿ. ಹೊಸ ಮಾಲು ಒಳಗೆ ಹೋಗಲು ಲಿಸ್ಟಿಂಗ್ ಫೀ. ಕಣ್ಣಿನ ಎತ್ತರದ ಶೆಲ್ಫಿಗೆ ಬಾಡಿಗೆ. ವರ್ಷದ ಕೊನೆಗೆ ರಿಬೇಟು. ಹೊಸ ಬ್ರಾಂಚ್ ತೆರೆದರೆ 'ಸಪೋರ್ಟ್'. ತಾರೀಕು ಮೀರಿದ ಮಾಲು ವಾಪಸ್. ನಾವು 100ಕ್ಕೆ ಬಿಲ್ಲು ಮಾಡಿದರೆ, ಎಲ್ಲ ಡೆಬಿಟ್ ನೋಟು ಹೊಡೆದ ಮೇಲೆ ಕೈಗೆ ಬರುವುದು ಎಷ್ಟು ಅಂತ ಕೂಡಿಸಲು ಕೂತರೆ ರಾತ್ರಿ ನಿದ್ದೆ ಬರುವುದಿಲ್ಲ. ಆಫರ್ ಪೇಪರಿನಲ್ಲಿ ಬೆಲೆ ಇಳಿದದ್ದು ನೋಡಿ ನಾವು ಖುಷಿ ಪಡುತ್ತೇವೆ. ಆ ಇಳಿದ ಫಿಲ್ಸುಗಳಲ್ಲಿ ಎಷ್ಟೋ ಭಾಗ ಹೋದದ್ದು ಸರಬರಾಜುದಾರನ ಜೇಬಿನಿಂದ. ಹಾಗಂತ ಬಿಟ್ಟು ಹೋಗಲೂ ಆಗುವುದಿಲ್ಲ. ಅಷ್ಟು ಮಾಲು ಒಟ್ಟಿಗೆ ತೆಗೆದುಕೊಳ್ಳುವವರು ಬೇರೆ ಯಾರಿದ್ದಾರೆ?

ದೊಡ್ಡವರು ಸರಬರಾಜುದಾರನನ್ನೇ ನಂಬಿ ಕೂರುವುದೂ ಇಲ್ಲ. ಲುಲು ಗುಂಪಿಗೆ ಕೊಚ್ಚಿಯಲ್ಲಿ ಫೇರ್ ಎಕ್ಸ್‌ಪೋರ್ಟ್ಸ್ ಅನ್ನುವ ಸ್ವಂತ ರಫ್ತು ಕಂಪನಿ ಇದೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಖರೀದಿ ಕೇಂದ್ರ ಇದೆ. ಮೂಲದಲ್ಲೇ ಕೊಂಡು, ಪ್ಯಾಕ್ ಮಾಡಿ, ತನ್ನದೇ ಹೆಸರಿನ ಚೀಟಿ ಹಚ್ಚಿದರೆ ನಡುವಿನವರ ಪಾಲು ಉಳಿಯಿತು. ಇದರ ಬೆಲೆ ಗೊತ್ತಾದದ್ದು ಇತ್ತೀಚೆಗೆ. 2023ರ ಜುಲೈಯಲ್ಲಿ ಭಾರತ ಬಾಸ್ಮತಿ ಅಲ್ಲದ ಬೆಳ್ತಿಗೆ ಅಕ್ಕಿಯ ರಫ್ತು ನಿಲ್ಲಿಸಿತು, ಆಗಸ್ಟಿನಲ್ಲಿ ಕುಚ್ಚಲಕ್ಕಿಗೆ ಶೇಕಡಾ 20 ಸುಂಕ ಹಾಕಿತು. ಅದೇ ಡಿಸೆಂಬರಿನಿಂದ 2024ರ ಮೇ ತನಕ ಈರುಳ್ಳಿ ರಫ್ತಿಗೂ ತಡೆ. ಇಲ್ಲಿನ ಸಣ್ಣ ಅಂಗಡಿಯವರು ಮಾರುಕಟ್ಟೆಯಲ್ಲಿ ಕೇಳಿದ ಬೆಲೆ ಕೊಟ್ಟು ತರಬೇಕಾಯಿತು. ಹತ್ತಾರು ದೇಶಗಳಲ್ಲಿ ಕೊಳ್ಳುವ ವ್ಯವಸ್ಥೆ ಇದ್ದವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ದೇಶದ ಬಾಗಿಲು ತಟ್ಟಿದರು. ನಮ್ಮ ಸಾಂಬಾರಿಗೆ ಆ ದಿನಗಳಲ್ಲಿ ಬಿದ್ದದ್ದು ಯಾವ ದೇಶದ ಈರುಳ್ಳಿಯೋ!

ಹಾಗಾದರೆ ಬಕಾಲಾ ಎಲ್ಲಿ ಹೋಯಿತು? ಹೋಗಿಲ್ಲ, ಆದರೆ ಕಮ್ಮಿ ಆಗಿದೆ. 2013ರ ಹೊತ್ತಿಗೆ ಅಬುಧಾಬಿಯಲ್ಲಿ ಬಕಾಲಾಗಳೆಲ್ಲ ಒಂದೇ ಮಾದರಿಯ ಬೋರ್ಡು, ರ್‍ಯಾಕು, ಬೆಳಕು, ಫ್ರಿಜ್ಜು, ಶುಚಿತ್ವ ಇಟ್ಟುಕೊಳ್ಳಬೇಕು ಅನ್ನುವ ನಿಯಮ ಬಂದಾಗ ಖರ್ಚು ತಾಳಲಾರದೆ ಅನೇಕರು ಶಟರ್ ಎಳೆದರು. 2018ರ ಜನವರಿ 1ರಿಂದ ಶೇಕಡಾ 5 ವ್ಯಾಟ್ ಬಂತು. ವರ್ಷಕ್ಕೆ 3,75,000 ದಿರ್ಹಮ್ ದಾಟಿದ ವ್ಯಾಪಾರ ಇದ್ದವರು ನೋಂದಣಿ ಮಾಡಿಸಿ ಬಿಲ್ಲು, ಪುಸ್ತಕ, ರಿಟರ್ನ್ ಎಲ್ಲ ಇಡಬೇಕು. ದಿನಕ್ಕೆ ಸಾವಿರದ ಚಿಲ್ಲರೆ ದಿರ್ಹಮ್ ವ್ಯಾಪಾರ ಆದರೆ ಸಾಕು, ಆ ಮಿತಿ ದಾಟಿತು. ಹೈಪರ್ ಮಾರ್ಕೆಟಿನ ಕಂಪ್ಯೂಟರಿಗೆ ಇದು ಒಂದು ದಿನದ ಕೆಲಸ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹನ್ನೆರಡಕ್ಕೆ ಮುಚ್ಚುವ ಇಕ್ಕನಿಗೆ?

ಆದರೆ ಬಕಾಲಾದಲ್ಲಿ ಒಂದು ವಸ್ತು ಇತ್ತು, ಯಾವ ಹೈಪರ್ ಮಾರ್ಕೆಟಿನಲ್ಲೂ ಅದು ಸಿಗುವುದಿಲ್ಲ. ಉದ್ದನೆಯ ಒಂದು ಖಾತೆ ಪುಸ್ತಕ. ರೂಮ್ ನಂಬರ್, ಹೆಸರು, ಅದರ ಕೆಳಗೆ ಕುಬೂಸು, ಮೊಟ್ಟೆ, ಹಾಲು, ಫೋನ್ ಕಾರ್ಡು. ಸಂಬಳ ಎರಡು ತಿಂಗಳು ತಡವಾದಾಗ ನಮ್ಮಲ್ಲಿ ಎಷ್ಟು ಜನರ ಹೊಟ್ಟೆ ತುಂಬಿಸಿದ್ದು ಆ ಪುಸ್ತಕ! ಕಂಪನಿ ಮುಚ್ಚಿ ಹೋದ ಕ್ಯಾಂಪುಗಳಲ್ಲಿ ಕೆಲಸಗಾರರು ಊರಿಗೆ ಹೋಗುವ ದಿನದ ತನಕ ಬಾಕಿ ಬರೆದವರು ಇದ್ದಾರೆ, ಆ ಬಾಕಿ ವಸೂಲಾಗದೆ ಮುಳುಗಿದವರೂ ಇದ್ದಾರೆ. ಲೆಕ್ಕದ ದೃಷ್ಟಿಯಿಂದ ನೋಡಿದರೆ ಬಕಾಲಾದ ಗಾಡಿ ಚೈನಿನ ಗಾಡಿಗೆ ನೇರ ವಿರುದ್ಧ ಓಡುತ್ತದೆ. ಅವನು ಸಗಟಿನವನಿಗೆ ದುಡ್ಡು ಕೊಡುವುದು ಮೊದಲು, ಗಿರಾಕಿಯಿಂದ ದುಡ್ಡು ಬರುವುದು ಆಮೇಲೆ. ನಡುವಿನ ದಿನಗಳ ಭಾರ ಅವನ ತಲೆಯ ಮೇಲೆ. ಆ ಭಾರ ಹೊರಲು ಅವನು ಚೆಕ್ಕು ಬರೆದುಕೊಡುತ್ತಿದ್ದ. 2022ರ ಜನವರಿಯಲ್ಲಿ ಕಾನೂನು ಬದಲಾಗಿ, ದುಡ್ಡಿಲ್ಲದೆ ವಾಪಸಾದ ಚೆಕ್ಕು ಹೆಚ್ಚಿನಂಶ ಸಿವಿಲ್ ವ್ಯವಹಾರ ಆಯಿತು. ಅದಕ್ಕೆ ಮೊದಲು ಒಂದು ಚೆಕ್ಕು ಬೌನ್ಸ್ ಆದರೆ ಪೊಲೀಸ್ ಕೇಸು, ಜೈಲು. ಅಂಗಡಿ ಹಾಕಿ ಸೋತ ಎಷ್ಟೋ ಮಂದಿ ಊರಿನ ಮದುವೆಗೂ ಹೋಗಲಾಗದೆ, ಮಣ್ಣಿಗೂ ಹೋಗಲಾಗದೆ ಇಲ್ಲೇ ಉಳಿದದ್ದು ಈ ಕಾರಣಕ್ಕೆ.

ಕುಟುಂಬದ ಅಂಗಡಿ ಚೈನ್ ಆಗುವಾಗ ಇನ್ನೊಂದು ಗಂಟಲಲ್ಲಿ ಸಿಗುವ ಮುಳ್ಳು ಇದೆ: ಮನೆಯವರು. ಎಂಕೆ ಗುಂಪಿನಲ್ಲಿ ಯೂಸುಫ್ ಅಲಿಯವರ ತಮ್ಮ ಅಶ್ರಫ್ ಅಲಿ ಆಡಳಿತದಲ್ಲಿ ಇದ್ದಾರೆ. ಆದರೆ ದಿನನಿತ್ಯದ ಚುಕ್ಕಾಣಿ ಹಿಡಿದ ಸಿಇಒ ಸೈಫೀ ರೂಪಾವಾಲಾ ಮನೆಯವರಲ್ಲ. ಒಡೆತನ ಒಂದು ಕಡೆ, ನಡೆಸುವ ಕೆಲಸ ಇನ್ನೊಂದು ಕಡೆ. ನಮ್ಮ ಊರಿನ ಎಷ್ಟು ಒಳ್ಳೆಯ ಅಂಗಡಿಗಳು ಅಣ್ಣತಮ್ಮಂದಿರು ಗಲ್ಲಾಪೆಟ್ಟಿಗೆಗೆ ಕೈ ಹಾಕಿದ್ದರಿಂದಲೇ ಎರಡು ಹೋಳಾದವು ಅಂತ ಎಣಿಸಿದರೆ ಇದು ಸಣ್ಣ ಮಾತಲ್ಲ ಅನ್ನಿಸುತ್ತದೆ.

ಇಲ್ಲಿ ನಮ್ಮವರ ಹೆಸರು ಬಾರದೆ ಇರುವುದಿಲ್ಲ. ಅದೇ 1973ರಲ್ಲಿ, ಅದೇ ಅಬುಧಾಬಿಗೆ, ಉಡುಪಿ ಕಡೆಯಿಂದ ಬಿ.ಆರ್. ಶೆಟ್ಟಿಯವರು ಬಂದರು. 1975ರಲ್ಲಿ ಎನ್‌ಎಂಸಿ ಆಸ್ಪತ್ರೆ, 1980ರಲ್ಲಿ ಯುಎಇ ಎಕ್ಸ್‌ಚೇಂಜ್. 2012ರಲ್ಲಿ ಎನ್‌ಎಂಸಿ ಲಂಡನ್ ಷೇರುಪೇಟೆಗೆ ಹೋದಾಗ ಕನ್ನಡಿಗರೆಲ್ಲ ಎದೆಯುಬ್ಬಿಸಿ ನಡೆದೆವು. 2019ರ ಡಿಸೆಂಬರಿನಲ್ಲಿ ಮಡ್ಡಿ ವಾಟರ್ಸ್ ಅನ್ನುವ ಸಂಸ್ಥೆ ಕಂಪನಿಯ ಲೆಕ್ಕಗಳ ಮೇಲೆ ಅನುಮಾನ ಎತ್ತಿತು. 2020ರ ಏಪ್ರಿಲಿಗೆ ಕಂಪನಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಪುಸ್ತಕದಲ್ಲಿ ತೋರಿಸಿದ್ದ ಸಾಲ 2.1 ಬಿಲಿಯನ್ ಡಾಲರ್, ಹುಡುಕಿದಾಗ ಸಿಕ್ಕದ್ದು 6.6 ಬಿಲಿಯನ್. ಯಾರ ಹೊಣೆ ಎಷ್ಟು ಅನ್ನುವುದಕ್ಕೆ ಹಲವು ದೇಶಗಳ ಕೋರ್ಟುಗಳಲ್ಲಿ ವ್ಯಾಜ್ಯ ನಡೆದಿದೆ, ಅದರ ತೀರ್ಪು ನಾವು ಕೊಡುವುದಲ್ಲ. ಅಂಗಡಿಗೂ ಅದಕ್ಕೂ ಇರುವ ವ್ಯತ್ಯಾಸ ಮಾತ್ರ ಗಮನಿಸಬೇಕು. ಅಕ್ಕಿ ಚೀಲವನ್ನು ಗೋಡೌನಿಗೆ ಹೋಗಿ ಎಣಿಸಬಹುದು, ಕೌಂಟರಿನ ರೊಕ್ಕವನ್ನು ರಾತ್ರಿ ಎಣಿಸಬಹುದು. ಇನ್ಶೂರೆನ್ಸ್ ಕಂಪನಿಯಿಂದ ಬರಬೇಕಾದ ಬಾಕಿ, ಒಂದು ಕಂಪನಿಯ ಸಾಲಕ್ಕೆ ಇನ್ನೊಂದು ಕಂಪನಿ ಹಾಕಿದ ಸಹಿ ಇವನ್ನೆಲ್ಲ ಕಣ್ಣಿನಿಂದ ಎಣಿಸಲು ಆಗುವುದಿಲ್ಲ.

2024ರ ನವೆಂಬರಿಗೆ ಬರೋಣ, ಯಾಕೆಂದರೆ ನಮ್ಮಲ್ಲಿ ಬಹಳ ಜನರ ದುಡ್ಡು ಇದರಲ್ಲಿ ಇದೆ. ಲುಲು ರೀಟೇಲ್ ಷೇರು ಒಂದಕ್ಕೆ 2 ದಿರ್ಹಮ್ 4 ಫಿಲ್ಸ್. ಮೊದಲು ಶೇಕಡಾ 25 ಅಂದಿದ್ದರು, ಬೇಡಿಕೆ ನೋಡಿ ಶೇಕಡಾ 30ಕ್ಕೆ ಏರಿಸಿದರು. ಒಟ್ಟು ಮಾರಾಟ 6.32 ಬಿಲಿಯನ್ ದಿರ್ಹಮ್. ಅರ್ಜಿ ಬಂದದ್ದು ಅದರ 25 ಪಟ್ಟು. ನಮ್ಮ ಹುಡುಗರು ಕಮಿಟಿ ದುಡ್ಡು ಎತ್ತಿ, ಕೆಲವರು ಕ್ರೆಡಿಟ್ ಕಾರ್ಡ್ ಉಜ್ಜಿ ಅರ್ಜಿ ಹಾಕಿದರು. 'ದಿನಾ ನೋಡುವ ಅಂಗಡಿ, ಯಾವಾಗಲೂ ರಶ್ಶು, ಮುಳುಗುತ್ತದಾ?' ಅನ್ನುವುದೇ ಎಲ್ಲರ ವಾದ. ನವೆಂಬರ್ 14ರಂದು ಅಬುಧಾಬಿ ಷೇರುಪೇಟೆಯಲ್ಲಿ ವಹಿವಾಟು ಶುರುವಾಯಿತು. ಮೊದಲ ದಿನ ಬೆಲೆ ಏರಲಿಲ್ಲ. ಆಮೇಲೆ 2 ದಿರ್ಹಮಿಗಿಂತ ಕೆಳಗೆ ಇಳಿಯಿತು.

ಅಂಗಡಿ ಚೆನ್ನಾಗಿ ನಡೆಯುವುದು ಬೇರೆ, ಷೇರಿನ ಬೆಲೆ ಸರಿ ಇರುವುದು ಬೇರೆ. 2.04ರ ಲೆಕ್ಕದಲ್ಲಿ ಇಡೀ ಕಂಪನಿಯ ಬೆಲೆ ಸುಮಾರು 574 ಕೋಟಿ ಡಾಲರ್. 2023ರ ಲಾಭ 19.2 ಕೋಟಿ. ಅಂದರೆ ಮೂವತ್ತು ವರ್ಷದ ಲಾಭದಷ್ಟು ಬೆಲೆ ಮುಂಗಡ ಕೊಟ್ಟ ಹಾಗಾಯಿತು. ಒಂದು ಷೇರಿನ ಹಿಂದೆ ವರ್ಷಕ್ಕೆ ಸುಮಾರು 7 ಫಿಲ್ಸ್ ಲಾಭ. ಇನ್ನೆರಡು ವಿಷಯ ಅರ್ಜಿ ಹಾಕಿದವರಲ್ಲಿ ಅನೇಕರು ಗಮನಿಸಿರಲಿಲ್ಲ. ಒಂದು, ಈ ಷೇರುಗಳನ್ನು ಮಾರಿದ್ದು ಹಳೆಯ ಒಡೆಯರ ಕಂಪನಿ. ಬಂದ ದುಡ್ಡು ಅವರಿಗೆ ಹೋಯಿತು, ಹೊಸ ಅಂಗಡಿ ಕಟ್ಟಲು ಲುಲು ರೀಟೇಲಿನ ಖಾತೆಗೆ ಬರಲಿಲ್ಲ. ಎರಡು, ಪಟ್ಟಿಯಾದದ್ದು ಆರು ಕೊಲ್ಲಿ ದೇಶಗಳ ಅಂಗಡಿಗಳು ಮಾತ್ರ. 2013ರಲ್ಲಿ ಕೊಚ್ಚಿಯ ಇಡಪ್ಪಳ್ಳಿಯಲ್ಲಿ ತೆರೆದ ದೊಡ್ಡ ಮಾಲ್, 2021ರ ಅಕ್ಟೋಬರಿನಲ್ಲಿ ಬೆಂಗಳೂರಿನ ರಾಜಾಜಿನಗರದಲ್ಲಿ ತೆರೆದದ್ದು, ಲಖನೌ, ತಿರುವನಂತಪುರದವು ಯಾವುವೂ ಇದರಲ್ಲಿ ಇಲ್ಲ. ಊರಿಗೆ ಹೋದಾಗ ಬೆಂಗಳೂರಿನ ಲುಲುವಿನಲ್ಲಿ ನಿಂತು 'ಇದರಲ್ಲಿ ನಮ್ಮದೂ ಪಾಲು ಇದೆ' ಅಂತ ಹೆಂಡತಿ ಮಕ್ಕಳಿಗೆ ಹೇಳಿದವರು ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಲಾಭದಲ್ಲಿ ಮುಕ್ಕಾಲು ಪಾಲು ಡಿವಿಡೆಂಡ್ ಹಂಚುವ ನೀತಿ ಅಂತ ಕಂಪನಿ ಹೇಳಿಕೊಂಡಿದೆ, ಆದ್ದರಿಂದ ಸಾಲ ಮಾಡದೆ ಕೊಂಡವರು ಗಾಬರಿಯಾಗಿ ಮಾರುವುದೂ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಕ್ರೆಡಿಟ್ ಕಾರ್ಡಿನ ಬಡ್ಡಿ ಕಟ್ಟುತ್ತಾ ಇಟ್ಟುಕೊಂಡವರ ಲೆಕ್ಕ ಬೇರೆ. ಆ ಬಡ್ಡಿಯನ್ನು ಯಾವ ಡಿವಿಡೆಂಡೂ ತುಂಬುವುದಿಲ್ಲ.

ಕೊನೆಗೆ ಊರಿನ ಅಂಗಡಿ. ತಿಂಗಳಿಗೆ 1,500 ದಿರ್ಹಮ್ ಬೇಸಿಕ್ ಇರುವ ಒಬ್ಬರು ಹತ್ತು ವರ್ಷ ದುಡಿದರು ಅನ್ನಿ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ಆಮೇಲೆ 30 ದಿನದಂತೆ ಒಟ್ಟು 255 ದಿನದ ಬೇಸಿಕ್, ಅಂದರೆ 12,750 ದಿರ್ಹಮ್ ಗ್ರಾಚುಯಿಟಿ. ಊರಿನ ಲೆಕ್ಕದಲ್ಲಿ 3 ಲಕ್ಷ ರೂಪಾಯಿಯ ಆಸುಪಾಸು. ಅದರಲ್ಲಿ ಅಡ್ವಾನ್ಸು, ರ್‍ಯಾಕು, ಫ್ರಿಜ್ಜು ಕಳೆದು 2 ಲಕ್ಷದ ಮಾಲು ಹಾಕಿದಿರಿ. ನೂರಕ್ಕೆ ಹತ್ತು ರೂಪಾಯಿ ಮಿಗುತ್ತದೆ ಅಂದುಕೊಳ್ಳೋಣ. ಆ ಮಾಲು ತಿಂಗಳಿಗೊಮ್ಮೆ ಪೂರ್ತಿ ತಿರುಗಿದರೆ ತಿಂಗಳಿಗೆ 20 ಸಾವಿರ, ಬಾಡಿಗೆ ಕರೆಂಟಿಗೆ ಮೊದಲು. ಎರಡು ತಿಂಗಳಿಗೊಮ್ಮೆ ತಿರುಗಿದರೆ 10 ಸಾವಿರ. ಬಾಡಿಗೆ ಕೊಟ್ಟರೆ ಮನೆಗೆ ತರಲು ಹೆಚ್ಚೇನೂ ಇಲ್ಲ. ಇನ್ನು ನೆಂಟರು, ಅಕ್ಕಪಕ್ಕದವರು, 'ಗಲ್ಫಿನಿಂದ ಬಂದವನಲ್ಲವಾ, ಬರಕೋ' ಅನ್ನುವವರು ಸೇರಿ 50 ಸಾವಿರ ಬಾಕಿ ಹಿಡಿದರೆ, ಮಾಲಿನ ನಾಲ್ಕರಲ್ಲಿ ಒಂದು ಪಾಲು ಪುಸ್ತಕದಲ್ಲಿ ಇರುತ್ತದೆ, ಶೆಲ್ಫಿನಲ್ಲಿ ಇರುವುದಿಲ್ಲ. ಶೆಲ್ಫ್ ಖಾಲಿ ಕಂಡ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಈ ವರ್ಷ ಎಕ್ಸಿಟ್ ಹಾಕುವ ಯೋಚನೆಯಲ್ಲಿರುವವರು, ಅಂಗಡಿ ಹಾಕುವ ಜಾಗ ನೋಡಿ ಇಟ್ಟವರು, ಅಡ್ವಾನ್ಸ್ ಕೊಡುವ ಮೊದಲು ಒಮ್ಮೆ ಮಾತಾಡಿ. ಆ ಬೀದಿಯಲ್ಲಿ ಈಗ ಎಷ್ಟು ಅಂಗಡಿ ಇವೆ, ಸಗಟಿನವರು ಎಷ್ಟು ದಿನದ ಸಾಲ ಕೊಡುತ್ತಾರೆ, ಬಾಡಿಗೆ ಎಷ್ಟು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ತಿಂಗಳ ಕೂಟಕ್ಕೆ ತನ್ನಿ. ಊಟ ಆದ ಮೇಲೆ ಒಂದು ಗಂಟೆ ಕ್ಯಾಲ್ಕುಲೇಟರ್ ಹಿಡಿದು ಕೂರಲು ನಾವು ನಾಲ್ಕೈದು ಜನ ಲೆಕ್ಕದವರು ಇದ್ದೇವೆ, ಫೀಸು ಒಂದು ಸುಲೈಮಾನಿ ಚಹಾ.